ಹಳೆಯ ತಿಳಿವಳಿಕೆ, ಹೊಸ ಎರರ್

"ಅಕ್ಕಾ, ಓಡ್ತಿಲ್ಲ ನೋಡಿ." ಭಾನುವಾರ ನಾನು ನಡೆಸುವ ಪೈಥಾನ್ ಪ್ರೋಗ್ರಾಮಿಂಗ್ ತರಗತಿಯಲ್ಲಿ ಜಾಸ್ತಿ ಕೇಳಿಸುವ ಮಾತು ಇದು. ನಾನು ಎದ್ದು ಅವರ ಹತ್ತಿರ ಹೋಗುವಷ್ಟರಲ್ಲಿ ಕಿಟಕಿ ಮುಚ್ಚಿರುತ್ತದೆ. ಎರರ್ ಸಂದೇಶ ಅಳಿಸಿ ಹೋಗಿರುತ್ತದೆ. "ಏನಂತ ಬಂತು?" ಅಂದರೆ, "ಏನೋ ಕೆಂಪಗೆ ಬಂತು" ಅನ್ನುತ್ತಾರೆ. ಹೀಗೆ ಹೇಳುವವರು ಏನೂ ಗೊತ್ತಿಲ್ಲದ ಮಕ್ಕಳಲ್ಲ. ಕಾಲೇಜಿನಲ್ಲಿ ಸಿ ಭಾಷೆ ಕಲಿತವರು, ಬೆಂಗಳೂರಿನಲ್ಲಿ ಜಾವಾ ಕೆಲಸ ಮಾಡಿ ಊರಿಗೆ ಮರಳಿದವರು, ಅಂಗಡಿಯ ಲೆಕ್ಕವನ್ನೆಲ್ಲ ಎಕ್ಸೆಲ್‌ನಲ್ಲಿ ಇಟ್ಟು ಪಳಗಿದವರು. ಬುದ್ಧಿವಂತರು, ಶ್ರಮಪಡುವವರು. ಆದರೂ ಎಲ್ಲರೂ ಅದೇ ಹತ್ತು ಹನ್ನೆರಡು ಜಾಗಗಳಲ್ಲಿ ಎಡವುತ್ತಾರೆ. ಬ್ಯಾಚ್ ಬದಲಾದರೂ ಜಾಗ ಬದಲಾಗುವುದಿಲ್ಲ.

ಇದು ನನ್ನನ್ನು ಬಹಳ ದಿನ ಕಾಡಿದೆ. ಯಾಕೆ ಅದೇ ಜಾಗಗಳು? ಹೈಸ್ಕೂಲ್ ಹುಡುಗಿಯೊಬ್ಬಳು ಮೊದಲ ಸಲ ಪೈಥಾನ್ ಬರೆಯುವಾಗ ಆ ಪ್ರಶ್ನೆಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ. ಹಾಗಾದರೆ ತೊಡಕಿನ ಮೂಲ ಎಲ್ಲಿದೆ? ನನಗೆ ನಿಧಾನವಾಗಿ ಅನ್ನಿಸಿದ್ದು ಇದು: ಪ್ರೋಗ್ರಾಮ್ ಬರೆದು ಗೊತ್ತಿರುವವರು ಹೊಸ ಭಾಷೆಗೆ ಬರುವಾಗ ಎಡವುವುದು ಬಹಳ ಸಲ ತಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೇ. ಸಿ ಹೇಳಿಕೊಟ್ಟದ್ದು ಸಿಗೆ ಸರಿಯಾಗಿಯೇ ಇತ್ತು. ಎಕ್ಸೆಲ್ ಕಲಿಸಿದ್ದು ಎಕ್ಸೆಲ್‌ಗೆ ಸರಿ. ಅದನ್ನು ಹಾಗೇ ಎತ್ತಿಕೊಂಡು ಇಲ್ಲಿಗೆ ಬಂದಾಗ ಹೊಂದುವುದಿಲ್ಲ, ಅಷ್ಟೆ. ಆದ್ದರಿಂದ "ಹೀಗಲ್ಲ, ಹೀಗೆ ಬರೀರಿ" ಎಂದು ಸಾಲು ತಿದ್ದಿಕೊಟ್ಟರೆ ಅವತ್ತಿನ ಕೆಲಸ ಮುಗಿಯುತ್ತದೆ, ಮುಂದಿನ ವಾರ ಅದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಅವರು ಎಲ್ಲಿಂದ ಬಂದರು, ಯಾವ ತಿಳಿವಳಿಕೆಯಿಂದ ಆ ಸಾಲು ಬರೆದರು ಅನ್ನುವುದನ್ನು ಹಿಡಿಯಬೇಕು.

ಕೊನೆಯ ಸಾಲು ಮೊದಲು

ಎರರ್ ಓದುವುದರಿಂದಲೇ ಶುರುಮಾಡೋಣ. ಜಾವಾದಲ್ಲಿ ಪ್ರೋಗ್ರಾಮ್ ಬಿದ್ದರೆ ಏನಾಯಿತು ಅನ್ನುವುದು ಮೇಲಿನ ಸಾಲಿನಲ್ಲೇ ಇರುತ್ತದೆ. ಅದರ ಕೆಳಗೆ ಯಾರು ಯಾರನ್ನು ಕರೆದರು ಅನ್ನುವ ಉದ್ದ ಪಟ್ಟಿ. ಪೈಥಾನ್‌ನಲ್ಲಿ ಇದು ತಲೆಕೆಳಗು, ಇಲ್ಲಿ ಆ ಪಟ್ಟಿಗೆ ಟ್ರೇಸ್‌ಬ್ಯಾಕ್ ಅನ್ನುತ್ತಾರೆ. ಟ್ರೇಸ್‌ಬ್ಯಾಕ್‌ನ ಮೊದಲ ಸಾಲಿನಲ್ಲೇ 'ಇತ್ತೀಚಿನ ಕರೆ ಕೊನೆಯಲ್ಲಿದೆ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಎರರ್‌ನ ಹೆಸರು, ಕಾರಣ ಎರಡೂ ಕೊಟ್ಟಕೊನೆಯ ಸಾಲಿನಲ್ಲಿ. ಜಾವಾ ಕಣ್ಣು ಮೇಲೆ ಹುಡುಕುತ್ತದೆ, ಅಲ್ಲಿ ಯಾವುದೋ ಫೈಲಿನ ಹೆಸರು ಕಾಣುತ್ತದೆ, ಓದುವುದನ್ನು ಅಲ್ಲಿಗೇ ಬಿಡುತ್ತದೆ. ಸಿ ಕಲಿತವರ ಕಥೆ ಬೇರೆ. ಅಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಸಾಲುಸಾಲು ದೂರು ಹೇಳುತ್ತದೆ, ಮೊದಲಿನದನ್ನು ಸರಿಮಾಡಿದರೆ ಉಳಿದವು ತಾವಾಗಿ ಹೋಗುತ್ತವೆ. ಓಡುವಾಗ ಬಿದ್ದರಂತೂ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನುವ ಎರಡೇ ಪದ. ವರ್ಷಗಟ್ಟಲೆ ಅದನ್ನು ನೋಡಿದವರಿಗೆ ಎರರ್ ಸಂದೇಶದಲ್ಲಿ ಓದುವಂಥದ್ದು ಏನೂ ಇರುವುದಿಲ್ಲ ಅನ್ನುವ ನಂಬಿಕೆ ಕೂತುಬಿಟ್ಟಿರುತ್ತದೆ. ಅವರು ಕಿಟಕಿ ಮುಚ್ಚುವುದು ಅದಕ್ಕೇ. ಸೋಮಾರಿತನದಿಂದ ಅಲ್ಲ.

ಆದರೆ ಪೈಥಾನ್ ಈಚಿನ ವರ್ಷಗಳಲ್ಲಿ ಈ ಕಡೆ ತುಂಬ ಕೆಲಸ ಮಾಡಿದೆ. 2021ರಲ್ಲಿ ಬಂದ 3.10 ಆವೃತ್ತಿಗೂ ಮೊದಲು ಒಂದು ಬ್ರಾಕೆಟ್ ಮುಚ್ಚಲು ಮರೆತರೆ ಎರರ್ ಮುಂದಿನ ಸಾಲನ್ನು ತೋರಿಸುತ್ತಿತ್ತು. ಪಾಪ, ಸರಿಯಾಗಿದ್ದ ಸಾಲನ್ನೇ ಜನ ಮತ್ತೆ ಮತ್ತೆ ತಿದ್ದುತ್ತಿದ್ದರು. ಈಗ ಯಾವ ಬ್ರಾಕೆಟ್ ಮುಚ್ಚಿಲ್ಲ ಎಂದು ನೇರವಾಗಿ ಹೇಳುತ್ತದೆ. ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ 'ಇದನ್ನು ಹೇಳಲು ಹೊರಟಿದ್ದಿರಾ?' ಎಂದು ಸರಿಯಾದ ಹೆಸರು ಸೂಚಿಸುತ್ತದೆ. 3.11ರಿಂದ ಸಾಲಿನ ಯಾವ ತುಂಡಿನಲ್ಲಿ ತೊಂದರೆ ಅನ್ನುವುದಕ್ಕೆ ಕೆಳಗೆ ಗುರುತು ಹಾಕುತ್ತದೆ. ನಾನು ತರಗತಿಯಲ್ಲಿ ಮಾಡುವುದು ಇಷ್ಟೇ: ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಸುತ್ತೇನೆ, ಅದನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಎರರ್ ಅಂದರೆ ಹಿಂಜರಿಕೆ ಇರುತ್ತದೆ. ಆದರೆ ಈ ಸಂದೇಶಗಳಲ್ಲಿ ಬರುವ ಪದಗಳು ಬಹಳ ಕಮ್ಮಿ, ಅವೇ ಮತ್ತೆ ಮತ್ತೆ ಬರುತ್ತವೆ. ಕೆಲವು ವಾರ ಗಟ್ಟಿಯಾಗಿ ಓದಿದರೆ ಹೆದರಿಕೆ ಹೋಗುತ್ತದೆ.

ರಂಗಮ್ಮನ ಹಾಲು

ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಬರುತ್ತಿದ್ದ. ಡಿಪ್ಲೊಮಾದಲ್ಲಿ ಸಿ ಓದಿದವನು. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು ಅನ್ನುವುದನ್ನು ಸೇರಿಸಿ ಬಟವಾಡೆ ಲೆಕ್ಕ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದ. ಪೈಥಾನ್ 3ರಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅದರಲ್ಲಿ 'ಸೇರಿಸು' ಅನ್ನುವ ಫಂಕ್ಷನ್ ಇತ್ತು, ಅಂದರೆ ಹೆಸರಿಟ್ಟು ಬೇಕೆಂದಾಗ ಕರೆಯುವ ಕೋಡಿನ ತುಂಡು. ಆವರಣದೊಳಗೆ ಎರಡು ವಿಷಯ: ಸೇರಿಸು(ಲೀಟರ್, ಪಟ್ಟಿ=[]). ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿಯಿಂದ ಶುರು ಮಾಡು, ಲೀಟರನ್ನು ಅದಕ್ಕೆ ಸೇರಿಸು, ಪಟ್ಟಿಯನ್ನು ಹಿಂದಿರುಗಿಸು. ಓದಿದರೆ ಎಲ್ಲೂ ತಪ್ಪು ಕಾಣುವುದಿಲ್ಲ.

ಅವನು ಗಾಬರಿಯಲ್ಲಿದ್ದ. "ಅಕ್ಕಾ, ರಂಗಮ್ಮನ ಹಾಲು ಸಿದ್ದಪ್ಪನ ಲೆಕ್ಕಕ್ಕೆ ಹೋಗ್ತಿದೆ. ಒಬ್ಬೊಬ್ಬರದನ್ನೇ ಓಡಿಸಿದ್ರೆ ಸರಿ ಬರುತ್ತೆ. ಎಲ್ಲರದನ್ನೂ ಒಟ್ಟಿಗೆ ಓಡಿಸಿದ್ರೆ ಕಲಸಿಹೋಗುತ್ತೆ." ಕಂಪ್ಯೂಟರಿನ ಮೆಮೊರಿಯೇ ಕೆಟ್ಟಿರಬೇಕು ಅನ್ನುವ ತೀರ್ಮಾನಕ್ಕೆ ಬಂದಿದ್ದ. ದುಡ್ಡಿನ ವಿಷಯ ನೋಡಿ, ಹಾಲು ಹಾಕುವವರು ಸುಮ್ಮನಿರುತ್ತಾರಾ? ಅದಕ್ಕೇ ಅವನಿಗೆ ಅಷ್ಟು ಆತಂಕ. ಆದರೆ ಅವನು ಹೇಳಿದ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಒಂದೊಂದೇ ಓಡಿಸಿದರೆ ಸರಿ, ಒಟ್ಟಿಗೆ ಓಡಿಸಿದರೆ ತಪ್ಪು ಅಂದರೆ, ಮೊದಲ ಕರೆಯಿಂದ ಎರಡನೇ ಕರೆಗೆ ಏನೋ ಉಳಿದುಕೊಂಡು ಹೋಗುತ್ತಿದೆ.

ಫಂಕ್ಷನ್‌ನ ಮೊದಲ ಸಾಲಿನಲ್ಲೇ, ಏನನ್ನೂ ಸೇರಿಸುವ ಮೊದಲು, ಪಟ್ಟಿಯನ್ನು ಪ್ರಿಂಟ್ ಮಾಡು ಅಂದೆ. ರಂಗಮ್ಮನಿಗೆ [] ಬಂತು. ಅವರ 4.5 ಲೀಟರ್ ಸೇರಿತು. ಸಿದ್ದಪ್ಪನ ಸರದಿಯಲ್ಲಿ ಮೊದಲ ಸಾಲಿನಲ್ಲೇ [4.5] ಬಂತು. ಹುಡುಗ ಪರದೆಯನ್ನೇ ನೋಡುತ್ತ, "ಇಲ್ಲಿ ಖಾಲಿ ಇರಬೇಕಿತ್ತಲ್ವಾ?" ಅಂದ. ಅದೇ ಕೇಳಬೇಕಾಗಿದ್ದ ಪ್ರಶ್ನೆ. ಯಾಕೆ ಖಾಲಿ ಇರಬೇಕಿತ್ತು ಎಂದು ನಾನು ತಿರುಗಿ ಕೇಳಿದೆ. "ಫಂಕ್ಷನ್ ಕರೆದಾಗಲೆಲ್ಲ ಒಳಗಿನದು ಹೊಸದಾಗಿ ಹುಟ್ಟುತ್ತಲ್ಲ, ಸಿನಲ್ಲಿ ಹಾಗೇ ತಾನೆ" ಅಂದ. ಅವನು ಹೇಳಿದ್ದು ಸಿಯ ಸಾಮಾನ್ಯ ವೇರಿಯಬಲ್‌ಗಳಿಗೆ ಸರಿ. ಪೈಥಾನ್‌ನಲ್ಲೂ ಫಂಕ್ಷನ್‌ನ ಮೈಯೊಳಗೆ ಬರೆದದ್ದು ಕರೆದಾಗಲೆಲ್ಲ ಹೊಸದಾಗಿಯೇ ನಡೆಯುತ್ತದೆ. ಆದರೆ ಆವರಣದೊಳಗಿನ ಆ [] ಮೈಯ ಭಾಗವಲ್ಲ. ಪೈಥಾನ್‌ನಲ್ಲಿ ಫಂಕ್ಷನ್ ಶುರುವಾಗುವ 'ಡೆಫ್' ಅನ್ನುವುದು ಸುಮ್ನೆ ಘೋಷಣೆಯಲ್ಲ, ಅದು ಓಡುವ ಒಂದು ಸಾಲು. ಅದು ಓಡಿದಾಗ, ಆ ಒಂದೇ ಸಲ, ಖಾಲಿ ಪಟ್ಟಿ ಹುಟ್ಟುತ್ತದೆ ಮತ್ತು ಫಂಕ್ಷನ್‌ಗೆ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ನೂರು ಸಲ ಕರೆದರೂ ಸಿಗುವುದು ಅದೇ ಪಟ್ಟಿ. ರಂಗಮ್ಮನ ಹಾಲು ಬಿದ್ದದ್ದೂ ಆ ಪಟ್ಟಿಗೇ, ಸಿದ್ದಪ್ಪನ ಹಾಲು ಬಿದ್ದದ್ದೂ ಆ ಪಟ್ಟಿಗೇ. ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಡಿಫಾಲ್ಟ್ ಆಗಿ 'ನನ್' (None, ಏನೂ ಇಲ್ಲ ಅನ್ನುವ ಬೆಲೆ) ಇಡಿ, ಮೈಯೊಳಗೆ ಅದು 'ನನ್' ಆಗಿದ್ದರೆ ಹೊಸ ಪಟ್ಟಿ ಮಾಡಿಕೊಳ್ಳಿ.

ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಯಾಕೆಂದರೆ ಇದರ ಹಿಂದೆ ಇನ್ನೂ ದೊಡ್ಡ ವಿಷಯ ಇದೆ. ನಮ್ಮ ಪಾಠಪುಸ್ತಕಗಳಲ್ಲಿ ವೇರಿಯಬಲ್ ಅಂದರೆ ಒಂದು ಡಬ್ಬಿ ಎಂದು ಚಿತ್ರ ಬರೆದು ತೋರಿಸುತ್ತಾರೆ. ಸಿ ಭಾಷೆಯ ಪೂರ್ಣಾಂಕಕ್ಕೆ ಅದು ಒಳ್ಳೆಯ ಚಿತ್ರವೇ. ಬ = ಅ ಎಂದು ಬರೆದರೆ ಅ ಡಬ್ಬಿಯಲ್ಲಿದ್ದ ಬೆಲೆಯ ನಕಲು ಬ ಡಬ್ಬಿಗೆ ಬರುತ್ತದೆ. ಪೈಥಾನ್‌ನಲ್ಲಿ ವೇರಿಯಬಲ್ ಒಂದು ಹೆಸರು ಮಾತ್ರ. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಮಂಜುನಾಥ. ಪುಟ್ಟನಿಗೆ ಕಟಿಂಗ್ ಮಾಡಿಸಿದರೆ ಸೋಮವಾರ ಶಾಲೆಗೆ ಹೋಗುವ ಮಂಜುನಾಥನ ತಲೆಯಲ್ಲೂ ಕೂದಲು ಇರುವುದಿಲ್ಲ. ಅ = [1, 2, 3], ಬ = ಅ ಎಂದು ಬರೆದು ಬ ಪಟ್ಟಿಗೆ 4 ಸೇರಿಸಿದರೆ, ಅ ಕೂಡ [1, 2, 3, 4] ತೋರಿಸುವುದು ಅದಕ್ಕೇ. ನಿಜವಾಗಿ ಎರಡನೇ ಪಟ್ಟಿ ಬೇಕಿದ್ದರೆ ಕಾಪಿ ಮಾಡಿ ಎಂದು ಹೇಳಬೇಕು. ಎರಡು ಹೆಸರು ಒಂದೇ ವಸ್ತುವಿನದೋ ಅನ್ನುವ ಅನುಮಾನ ಬಂದರೆ 'ಐಡಿ' ಫಂಕ್ಷನ್‌ನಲ್ಲಿ ಎರಡನ್ನೂ ನೋಡಿ. ಅಂಕಿ ಒಂದೇ ಬಂದರೆ ವಸ್ತುವೂ ಒಂದೇ.

ಆ ಹುಡುಗ ಅರ್ಥವಾಯಿತು ಎಂದು ತಲೆಯಾಡಿಸಿದ. ಅದೇ ದಿನ ಮಧ್ಯಾಹ್ನ ವಾರದ ಏಳು ದಿನಕ್ಕೆ, ದಿನಕ್ಕೆ ಬೆಳಿಗ್ಗೆ ಒಂದು ಸಂಜೆ ಒಂದು ಎಂದು, [[0] * 2] * 7 ಬರೆದ. ಸೋಮವಾರ ಬೆಳಿಗ್ಗೆಗೆ 5 ಲೀಟರ್ ಹಾಕಿದರೆ ಏಳೂ ದಿನದ ಬೆಳಿಗ್ಗೆಗೆ 5 ಬಂತು. ಈ ಸಲ ನನ್ನನ್ನು ಕರೆಯಲಿಲ್ಲ. ತಾನೇ ಏಳೂ ಒಳಪಟ್ಟಿಗಳ ಐಡಿ ಪ್ರಿಂಟ್ ಮಾಡಿದ. ಏಳೂ ಒಂದೇ. ನಕ್ಷತ್ರದ ಗುರುತು ಒಳಗಿನ ಪಟ್ಟಿಯನ್ನು ಏಳು ಮಾಡಿರಲಿಲ್ಲ, ಒಂದೇ ಪಟ್ಟಿಗೆ ಏಳು ಜಾಗ ಕೊಟ್ಟಿತ್ತು. ಪ್ರತಿ ದಿನಕ್ಕೂ ಹೊಸ ಪಟ್ಟಿ ಹುಟ್ಟುವಂತೆ ಲಿಸ್ಟ್ ಕಾಂಪ್ರಹೆನ್ಶನ್ (ಒಂದೇ ಸಾಲಿನ ಲೂಪಿನಲ್ಲಿ ಪಟ್ಟಿ ಕಟ್ಟುವ ವಿಧಾನ) ಬರೆದ, ಸರಿಹೋಯಿತು. ಬೇರೆ ಬೇರೆ ಎಂದು ಕಾಣುವ ಮೂರು ಪ್ರಶ್ನೆಗಳು ಒಂದೇ ಎಂದು ಅವನಿಗೆ ಗೊತ್ತಾದದ್ದು ಆಗ.

ಎಕ್ಸೆಲ್ ಕಲಿಸಿದ ಲೆಕ್ಕ

0.1 + 0.2 ಎಂದು ಕೊಟ್ಟರೆ ಪೈಥಾನ್ 0.30000000000000004 ಅನ್ನುತ್ತದೆ. ಇದನ್ನು ನೋಡಿ ಪೈಥಾನ್‌ಗೆ ಕೂಡುವುದೇ ಬರುವುದಿಲ್ಲ ಅನ್ನುವವರಲ್ಲಿ ಎಕ್ಸೆಲ್‌ನಿಂದ ಬಂದವರು ಜಾಸ್ತಿ. ಎಕ್ಸೆಲ್ ಕೂಡ ಒಳಗೆ ಅದೇ ಥರ ಬೈನರಿಯಲ್ಲೇ ಇಟ್ಟುಕೊಳ್ಳುತ್ತದೆ. ಆದರೆ 15 ಅಂಕಿಗಿಂತ ಜಾಸ್ತಿ ತೋರಿಸುವುದಿಲ್ಲ, ಹಾಗಾಗಿ ಆ ಕೊನೆಯ 4 ನಮಗೆ ಕಾಣುತ್ತಿರಲಿಲ್ಲ. ಹತ್ತನೇ ಒಂದು ಭಾಗ ಬೈನರಿಯಲ್ಲಿ ಮುಗಿಯದ ಭಿನ್ನರಾಶಿ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಇದಕ್ಕಿಂತ ನಿಜವಾದ ತೊಂದರೆ ಕೊಡುವುದು ರೌಂಡ್. ಅರ್ಧ ಬಂದರೆ ಮೇಲಕ್ಕೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಎಕ್ಸೆಲ್‌ನ ರೌಂಡ್ ಕೂಡ 112.50 ಅನ್ನು 113 ಮಾಡುತ್ತದೆ. ಪೈಥಾನ್ 3ರ ರೌಂಡ್ 112.5 ಅನ್ನು 112 ಮಾಡುತ್ತದೆ, 113.5 ಅನ್ನು 114 ಮಾಡುತ್ತದೆ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ. ಯಾವಾಗಲೂ ಮೇಲಕ್ಕೇ ಹೋದರೆ ಸಾವಿರಾರು ಲೆಕ್ಕ ಕೂಡಿದಾಗ ಮೊತ್ತ ಉಬ್ಬುತ್ತದೆ, ಅದನ್ನು ತಪ್ಪಿಸಲು ಈ ಏರ್ಪಾಡು. ಒಳ್ಳೆಯ ಕಾರಣವೇ. ಆದರೆ ಬಟವಾಡೆಯಲ್ಲಿ ಒಬ್ಬರಿಗೆ ಐವತ್ತು ಪೈಸೆ ಕಮ್ಮಿ, ಪಕ್ಕದವರಿಗೆ ಐವತ್ತು ಪೈಸೆ ಜಾಸ್ತಿ ಬಂದರೆ ಈ ಕಾರಣ ಹೇಳಿ ಸಮಾಧಾನ ಮಾಡಲಾಗುವುದಿಲ್ಲ. ಎಂಜಿನಿಯರಿಂಗ್ ಲೆಕ್ಕಕ್ಕೂ ದುಡ್ಡಿನ ಲೆಕ್ಕಕ್ಕೂ ಬೇರೆ ಬೇರೆ ದಾರಿ ಬೇಕು. ದುಡ್ಡಿಗೆ ಡೆಸಿಮಲ್ ಮಾಡ್ಯೂಲ್ (ದಶಮಾಂಶದಲ್ಲೇ ಲೆಕ್ಕ ಮಾಡುವ ಸಿದ್ಧ ಕೋಡ್) ಬಳಸಿ, ಅರ್ಧ ಬಂದರೆ ಮೇಲಕ್ಕೆ ಎಂದು ನೀವೇ ಹೇಳಿ. ಇಲ್ಲವೇ ಎಲ್ಲವನ್ನೂ ಪೈಸೆಯ ಪೂರ್ಣಾಂಕದಲ್ಲೇ ಇಟ್ಟುಕೊಳ್ಳಿ. ಒಂದು ಎಚ್ಚರ: ಡೆಸಿಮಲ್‌ಗೆ 0.1 ಕೊಡುವಾಗ ಉದ್ಧರಣ ಚಿಹ್ನೆಯೊಳಗೆ ಕೊಡಿ. ಬರೀ ಅಂಕಿ ಕೊಟ್ಟರೆ ಆಗಲೇ ಕತ್ತರಿಸಿಹೋದ ಬೆಲೆಯೇ ಒಳಗೆ ಹೋಗುತ್ತದೆ.

ಸಿನಲ್ಲಿ ಪೂರ್ಣಾಂಕವಾಗಿ ಮೈನಸ್ 7ನ್ನು 2ರಿಂದ ಭಾಗಿಸಿದರೆ ಮೈನಸ್ 3. ಪೈಥಾನ್‌ನಲ್ಲಿ -7 // 2 ಅಂದರೆ ಮೈನಸ್ 4. ಸಿ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಕೆಳಗಿನ ಸಂಖ್ಯೆಗೆ ಇಳಿಯುತ್ತದೆ. ವಾರದ ದಿನಗಳ ಲೆಕ್ಕ ಮಾಡುವಾಗ ಇದರಿಂದ ಉಪಕಾರವೇ ಆಗುತ್ತದೆ: -1 % 7, ಅಂದರೆ 7ರಿಂದ ಭಾಗಿಸಿದ ಶೇಷ, ಕೇಳಿದರೆ 6 ಬರುತ್ತದೆ, ಹಿಂದಿನ ದಿನ ಸರಿಯಾಗಿ ಸಿಗುತ್ತದೆ.

ಇನ್ನು ಬೇಗ ಹೇಳಿ ಮುಗಿಸಬಹುದಾದ ಕೆಲವು. 'ಇನ್‌ಪುಟ್' ಯಾವಾಗಲೂ ಅಕ್ಷರಗಳನ್ನೇ ಕೊಡುತ್ತದೆ, 5 ಮತ್ತು 5 ಸೇರಿ 55 ಆದರೆ ಅದೇ ಕಾರಣ. ಅಭ್ಯಾಸದ ಫೈಲಿಗೆ 'ರ್‍ಯಾಂಡಮ್' ಎಂದು ಹೆಸರಿಟ್ಟು ಒಳಗೆ ರ್‍ಯಾಂಡಮ್ ಇಂಪೋರ್ಟ್ ಮಾಡಿದರೆ ನಿಮ್ಮ ಫೈಲು ತನ್ನನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. 3.13ರಿಂದ ಹೆಸರು ಬದಲಿಸಿ ಎಂದು ಎರರ್‌ನಲ್ಲೇ ಸಲಹೆ ಬರುತ್ತದೆ. ಪಿಪ್‌ನಲ್ಲಿ (ಮಾಡ್ಯೂಲ್ ತಂದು ಹಾಕುವ ಸಾಧನ) ಹಾಕಿದ ಮಾಡ್ಯೂಲ್ ಸಿಗುತ್ತಿಲ್ಲ ಅಂದರೆ ಬಹಳ ಸಲ ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರುತ್ತವೆ, ನೀವು ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ಓಡಿಸುತ್ತಿದ್ದೀರಿ. ವರ್ಡ್ ಫೈಲಿನ ನೋಟ್ಸ್‌ನಿಂದ ಕೋಡ್ ಕಾಪಿ ಮಾಡಿದರೆ ಉದ್ಧರಣ ಚಿಹ್ನೆಗಳು ಬಾಗಿಕೊಂಡು ಬಂದಿರುತ್ತವೆ, ಪೈಥಾನ್ ಅವನ್ನು ಒಪ್ಪುವುದಿಲ್ಲ. ಹಳೆಯ ವಿಡಿಯೊ ಪಾಠಗಳಲ್ಲಿ ಪ್ರಿಂಟ್ ಮುಂದೆ ಆವರಣ ಇರುವುದಿಲ್ಲ. ಅದು ಪೈಥಾನ್ 2. ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು.

ವಿಕಟಕವಿ

ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರ ಪ್ರಶ್ನೆಗಳು ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಂಡೋಸ್‌ನಲ್ಲಿ ಹೆಸರುಗಳ ಫೈಲು ತೆರೆದಾಗ ಒಂದು ವಿಚಿತ್ರ ನಡೆಯುತ್ತದೆ. ಫೈಲಿನಲ್ಲಿ ಕಮಲ, ಗಿರಿಜಾ ಇಷ್ಟೇ ಇದ್ದರೆ ಎರರ್ ಇಲ್ಲದೆ ಓದುತ್ತದೆ, ಆದರೆ ಪರದೆ ಮೇಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಸಿದ್ದಪ್ಪ ಅಥವಾ ಮಂಜುನಾಥ ಎಂದು ಒಂದು ಹೆಸರು ಸೇರಿಸಿದರೆ ಫೈಲು ಓದುವುದೇ ಇಲ್ಲ, ಯುನಿಕೋಡ್ ಡಿಕೋಡ್ ಎರರ್. ಆ ಹೆಸರು ಏನು ತಪ್ಪು ಮಾಡಿತು? ಫೈಲು ಇರುವುದು ಯುಟಿಎಫ್-8 ಅನ್ನುವ, ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮದಲ್ಲಿ, ಅಲ್ಲಿ ಪ್ರತಿ ಕನ್ನಡ ಚಿಹ್ನೆಗೆ ಮೂರು ಬೈಟ್. ಆದರೆ ಏನೂ ಹೇಳದೆ ತೆರೆದರೆ ಪೈಥಾನ್ ವಿಂಡೋಸ್‌ನ ಹಳೆಯ 1252 ಪಟ್ಟಿಯನ್ನು (ಯಾವ ಬೈಟ್‌ಗೆ ಯಾವ ರೋಮನ್ ಚಿಹ್ನೆ ಎಂದು ಹೇಳುವ ಪಟ್ಟಿ) ಹಿಡಿದು ಓದುತ್ತದೆ, ನಮ್ಮಲ್ಲಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಇರುವುದು ಅದೇ. ಆ ಪಟ್ಟಿಯಲ್ಲಿ ಐದು ಮನೆ ಖಾಲಿ. ನಮ್ಮ ಅರ್ಧಾಕ್ಷರದ ಚಿಹ್ನೆ ಮತ್ತು ಉಕಾರದ ಕೊಂಬು, ಇವೆರಡರ ಕೊನೆಯ ಬೈಟ್ ಸರಿಯಾಗಿ ಆ ಖಾಲಿ ಮನೆಗಳ ಮೇಲೆ ಬೀಳುತ್ತದೆ. ಹಾಗಾಗಿ ಒತ್ತಕ್ಷರವೋ ಉಕಾರವೋ ಬಂದ ಕೂಡಲೇ ನಿಂತುಬಿಡುತ್ತದೆ. ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿದರೆ ಎರಡೂ ತೊಂದರೆ ಹೋಗುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಇರುವುದು ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳೇ, ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಹಿಂದುಮುಂದಾಗಿ ಓದಿದರೂ ಒಂದೇ ಇರುವ ಪದ ಕಂಡುಹಿಡಿಯುವ ಪ್ರೋಗ್ರಾಮ್ ಎಲ್ಲ ಕಡೆ ಬರೆಸುತ್ತಾರೆ. ನಮ್ಮಲ್ಲಿ ಬರೆಸಿದರೆ ಯಾರಾದರೂ ಮೊದಲು ಕೊಡುವ ಪದ ವಿಕಟಕವಿ. ಪೈಥಾನ್ 'ಇಲ್ಲ' ಅನ್ನುತ್ತದೆ. ಇಡೀ ತರಗತಿ ಪ್ರತಿಭಟಿಸುತ್ತದೆ. ಉದ್ದ ಎಷ್ಟು ಎಂದು ಕೇಳಿದರೆ 7 ಬರುತ್ತದೆ, ನಾವು ಎಣಿಸುವುದು 5. ವಿ ಅನ್ನುವುದು ನಮಗೆ ಒಂದು ಅಕ್ಷರ, ಯುನಿಕೋಡಿಗೆ ವ ಮತ್ತು ಗುಡಿಸು ಎರಡು ಚಿಹ್ನೆ. ತಿರುಗಿಸಿದಾಗ ಗುಡಿಸು ವ ಅಕ್ಷರಕ್ಕಿಂತ ಮುಂದೆ ಬಂದುಬಿಡುತ್ತದೆ. ಇಲ್ಲಿ ಎಡವಿಸುವುದು ಒಂದನೇ ತರಗತಿಯಿಂದ ಕಲಿತ ಕಾಗುಣಿತ. ಕನ್ನಡ ಅನ್ನುವ ಪದವನ್ನೇ ತಿರುಗಿಸಿ ಪರೀಕ್ಷಿಸಿದರೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ನಕಾರಕ್ಕೆ ನಕಾರವೇ ಒತ್ತಾಗಿರುವುದರಿಂದ ಡನ್ನಕ ಎಂದು ಸರಿಯಾಗಿಯೇ ಬರುತ್ತದೆ. ಮೈಸೂರು ಕೊಟ್ಟು ನೋಡಿ, ಕೊಂಬು ಮೊದಲಿಗೇ ಬಂದು ನೇತಾಡುತ್ತದೆ.

ನಾವು ಒಟ್ಟಾಗಿ ಒಂದು ಪರಿಹಾರ ಬರೆದೆವು. ಚಿಹ್ನೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುವುದು. 'ಯುನಿಕೋಡ್‌ಡೇಟಾ' ಮಾಡ್ಯೂಲ್ ಅದನ್ನು ಸೇರುವ ಗುರುತು ಅಂದರೆ ಹಿಂದಿನ ಅಕ್ಷರಕ್ಕೆ ಅಂಟಿಸುವುದು. ಹಿಂದಿನದು ಅರ್ಧಾಕ್ಷರದಲ್ಲಿ ಮುಗಿದಿದ್ದರೆ ಆಗಲೂ ಅಂಟಿಸುವುದು. ವಿಕಟಕವಿ ಗೆದ್ದಿತು. 'ಕನ್ನಡ' ಅನ್ನುವ ಪದದ ಉದ್ದ 5 ಹೋಗಿ 3 ಬಂತು. ಎಲ್ಲರೂ ತಮ್ಮ ಊರಿನ ಹೆಸರು, ಮನೆಯವರ ಹೆಸರು ಹಾಕಿ ನೋಡತೊಡಗಿದರು. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿ, "'ಬಸ್ ನಿಲ್ದಾಣ'ದಲ್ಲಿ ಖಾಲಿ ಜಾಗವೂ ಸೇರಿ 6 ಬರಬೇಕಿತ್ತು ಅಕ್ಕಾ, 5 ಬಂತು. ಪಟ್ಟಿ ಪ್ರಿಂಟ್ ಮಾಡಿ ನೋಡಿದೆ, ಸ್ ಜೊತೆ ಖಾಲಿ ಜಾಗ ಅಂಟಿಕೊಂಡಿದೆ" ಅಂದಳು. ಅರ್ಧಾಕ್ಷರದ ನಂತರ ಬರುವುದು ವ್ಯಂಜನವಾಗಿದ್ದರೆ ಮಾತ್ರ ಅಂಟಿಸು ಎಂದು ಇನ್ನೊಂದು ಷರತ್ತು ಸೇರಿಸಿದೆವು. ಆಗ 6 ಬಂತು. 'ರ್‍ಯಾಂಕ್' ಅನ್ನುವ ಪದ ಇನ್ನೂ ಒಡೆಯುತ್ತಿದೆ. ರ ಮತ್ತು ಯ ನಡುವೆ ಕಣ್ಣಿಗೆ ಕಾಣದ ಸೇರಿಕೆಯ ಚಿಹ್ನೆಯೊಂದು ಕೂತಿದೆ, ಅದು ವ್ಯಂಜನವೂ ಅಲ್ಲ, ಗುರುತಿನ ಗುಂಪಿಗೂ ಸೇರಿಲ್ಲ. ಅದಕ್ಕೆ ಬೇರೆ ಷರತ್ತು ಬೇಕು. ಅದನ್ನು ಮುಂದಿನ ವಾರಕ್ಕೆ ಅವಳೇ ಬರೆದು ತರುತ್ತೇನೆ ಅಂದಿದ್ದಾಳೆ.